ಗಂಟೆಗಳ ಲೆಕ್ಕ: ಕಾಲೇಜ್ ಫುಟ್‌ಬಾಲ್ 25ರ ಆನ್‌ಲೈನ್ ಡೈನಸ್ಟಿಯಲ್ಲಿ ಸ್ಕೌಟಿಂಗ್ ಮತ್ತು ರಿಕ್ರೂಟಿಂಗ್

ಅಮೆರಿಕನ್ ಫುಟ್‌ಬಾಲಿನ ವಿಡಿಯೊ ಗೇಮ್ ಆದ ಇಎ ಸ್ಪೋರ್ಟ್ಸ್ ಕಾಲೇಜ್ ಫುಟ್‌ಬಾಲ್ 25ರಲ್ಲಿ ಡೈನಸ್ಟಿ, ಅಂದರೆ ಕೋಚ್ ಆಗಿ ಒಂದು ಕಾಲೇಜು ತಂಡವನ್ನು ವರ್ಷದಿಂದ ವರ್ಷಕ್ಕೆ ಕಟ್ಟುವ ವಿಭಾಗ, ಶುರುಮಾಡಿದ ಹೊಸ ಕೋಚ್‌ಗಳೆಲ್ಲರ ಮೊದಲ ವಾರ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ದೇಶದ ಅತ್ಯುತ್ತಮ ಹೈಸ್ಕೂಲ್ ಆಟಗಾರರ ಪಟ್ಟಿ ತೆರೆಯುತ್ತಾರೆ, ಮೇಲಿನಿಂದ ಕೆಳಕ್ಕೆ ಐದು ಸ್ಟಾರ್ (ಅತ್ಯುನ್ನತ ದರ್ಜೆಯ) ಹುಡುಗರನ್ನೆಲ್ಲ ಬೋರ್ಡಿಗೆ, ಅಂದರೆ ತಾವು ಬೆನ್ನು ಹತ್ತುವವರ ಪಟ್ಟಿಗೆ, ಸೇರಿಸುತ್ತಾರೆ, ಎಲ್ಲರಿಗೂ ಸ್ಕಾಲರ್‌ಶಿಪ್ ಹಂಚುತ್ತಾರೆ. ಹತ್ತು ವಾರ ಕಳೆಯುವ ಹೊತ್ತಿಗೆ ಆ ಹುಡುಗರೆಲ್ಲ ಅಲಬಾಮಾ, ಜಾರ್ಜಿಯಾ, ಓಹಾಯೊ ಸ್ಟೇಟ್ ಕಡೆಗೆ ಹೊರಟು ಹೋಗಿರುತ್ತಾರೆ. ಖರ್ಚು ಮಾಡಿದ ಗಂಟೆಗಳು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಈ ಆಟದಲ್ಲಿ ನಿಮ್ಮ ಕೈಯಲ್ಲಿರುವ ನಿಜವಾದ ಬಂಡವಾಳ ಹಣವಲ್ಲ, ಸ್ಕಾಲರ್‌ಶಿಪ್ ಕೂಡ ಅಲ್ಲ. ವಾರಕ್ಕೊಮ್ಮೆ ಸಿಗುವ ರಿಕ್ರೂಟಿಂಗ್ ಗಂಟೆಗಳು, ಅಂದರೆ ಹುಡುಗರನ್ನು ಒಲಿಸಿಕೊಳ್ಳಲು ಖರ್ಚು ಮಾಡುವ ಸಮಯ. ಯಾರನ್ನು ಬೇಟೆಯಾಡಬೇಕು ಎಂಬುದಕ್ಕಿಂತ ಯಾರನ್ನು ಯಾವಾಗ ಕೈಬಿಡಬೇಕು ಎಂಬುದನ್ನು ಬಲ್ಲವನೇ ಮುಂದೆ ಹೋಗುತ್ತಾನೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಳಗಿನ ಹಂತಗಳೆಲ್ಲ ಆ ಒಂದು ನಿಲುವಿನ ಸುತ್ತಲೇ ತಿರುಗುತ್ತವೆ.

ಮೊದಲೇ ಒಂದು ಮಾತು. ಇಲ್ಲಿ ಕೊಡುವ ಗಂಟೆಗಳ ಅಂಕಿಗಳು 2024ರ ಆವೃತ್ತಿಯವು. ಮರುವರ್ಷದ ಕಾಲೇಜ್ ಫುಟ್‌ಬಾಲ್ 26ರಲ್ಲಿ ಕೆಲವು ಬದಲಾವಣೆಗಳಿವೆ. ಯೋಚಿಸುವ ಕ್ರಮ ಮಾತ್ರ ಅದೇ.

ಹಿನ್ನೆಲೆ, ಚುಟುಕಾಗಿ

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ವೃತ್ತಿಪರ ಲೀಗಿನಂತೆ ಆಟಗಾರರ ಹರಾಜಾಗಲಿ ಡ್ರಾಫ್ಟ್ (ತಂಡಗಳು ಸರದಿಯಂತೆ ಆಟಗಾರರನ್ನು ಆರಿಸುವ ಪದ್ಧತಿ) ಆಗಲಿ ಇಲ್ಲ. ಹೈಸ್ಕೂಲು ಮುಗಿಸುವ ಹುಡುಗ ತನಗೆ ಇಷ್ಟವಾದ ವಿಶ್ವವಿದ್ಯಾಲಯಕ್ಕೆ ಸೇರುತ್ತಾನೆ. ಅವನನ್ನು ಒಲಿಸಿಕೊಳ್ಳಲು ಕೋಚ್‌ಗಳು ಮನೆಬಾಗಿಲಿಗೆ ಹೋಗುತ್ತಾರೆ. ಈ ಓಲೈಕೆಯೇ ರಿಕ್ರೂಟಿಂಗ್. ಐಪಿಎಲ್ ಹರಾಜಿನಲ್ಲಿ ಹಣವಿದ್ದವನು ಫಲಕ ಎತ್ತಿದರೆ ಮುಗಿಯಿತು. ಇಲ್ಲಿ ಹಾಗಲ್ಲ, ಕೊನೆಯ ಮಾತು ಹುಡುಗನದು.

ಈ ಸರಣಿಯ ಹಿಂದಿನ ಆಟ 2013ರ ಜುಲೈನಲ್ಲಿ ಬಂದಿತ್ತು. ಆಟಗಾರರ ಹೋಲಿಕೆಯನ್ನು ಅವರಿಗೆ ಬಿಡಿಗಾಸೂ ಕೊಡದೆ ಬಳಸಿಕೊಳ್ಳಲಾಗುತ್ತಿದೆ ಎಂದು ಯುಸಿಎಲ್ಎಯ ಮಾಜಿ ಬ್ಯಾಸ್ಕೆಟ್‌ಬಾಲ್ ಆಟಗಾರ ಎಡ್ ಓಬ್ಯಾನನ್ ಹೂಡಿದ ಮೊಕದ್ದಮೆಯ ನಂತರ ಸರಣಿ ನಿಂತುಹೋಯಿತು. ತಮ್ಮ ಹೆಸರು ಮತ್ತು ಚಿತ್ರದಿಂದ ಹಣ ಗಳಿಸಲು ಕಾಲೇಜು ಆಟಗಾರರಿಗೆ 2021ರ ಜುಲೈನಲ್ಲಿ ಅವಕಾಶ ಸಿಕ್ಕಿತು. ಬಳಿಕ 2024ರ ಜುಲೈ 19ರಂದು ಆಟ ಮರಳಿ ಬಂತು. ಒಪ್ಪಿಗೆ ಕೊಟ್ಟ ಪ್ರತಿ ಆಟಗಾರನಿಗೆ 600 ಡಾಲರ್ ಮತ್ತು ಆಟದ ಒಂದು ಪ್ರತಿ ಸಿಕ್ಕಿತು. ಆದರೆ ನೆನಪಿರಲಿ, ತಂಡದಲ್ಲಿ ಈಗಾಗಲೇ ಇರುವವರು ಮಾತ್ರ ನಿಜವಾದ ಆಟಗಾರರು. ನೀವು ರಿಕ್ರೂಟ್ ಮಾಡುವ ಹೈಸ್ಕೂಲ್ ಹುಡುಗರೆಲ್ಲ ಕಂಪ್ಯೂಟರ್ ಹುಟ್ಟಿಸಿದ ಕಾಲ್ಪನಿಕ ಹೆಸರುಗಳು. ಅವರ ಬಗ್ಗೆ ಅಂತರ್ಜಾಲದಲ್ಲಿ ಹುಡುಕಿ ಪ್ರಯೋಜನವಿಲ್ಲ.

ಆನ್‌ಲೈನ್ ಡೈನಸ್ಟಿಯಲ್ಲಿ 32 ಜನರವರೆಗೆ ಒಂದೇ ಲೀಗಿನಲ್ಲಿ ಕೋಚ್‌ಗಳಾಗಬಹುದು. ಒಟ್ಟು 134 ವಿಶ್ವವಿದ್ಯಾಲಯಗಳಿದ್ದು, ಉಳಿದವುಗಳನ್ನು ಕಂಪ್ಯೂಟರ್ ನಡೆಸುತ್ತದೆ. ಟೆಕ್ಸಾಸ್, ಅರಿಜೋನಾ, ಓಹಾಯೊ ಕಡೆ ಓದಲು ಹೋದ ನಮ್ಮ ಹುಡುಗರು ಮೊದಲು ತಮ್ಮದೇ ವಿಶ್ವವಿದ್ಯಾಲಯವನ್ನು ಆರಿಸಿಕೊಳ್ಳುವುದು ಸಹಜ. ಅಭಿಮಾನಕ್ಕೆ ಅದು ಸರಿ. ಕಲಿಯುವುದಕ್ಕೆ ಬೇರೆ ದಾರಿ ಇದೆ.

ಹಂತ 1: ವಿಶ್ವವಿದ್ಯಾಲಯದ ಆಯ್ಕೆ

ರಿಕ್ರೂಟಿಂಗ್ ಕಲಿಯಬೇಕೆಂದಿದ್ದರೆ ದೊಡ್ಡ ಹೆಸರಿನ ತಂಡ ಬೇಡ. ಪ್ರತಿಷ್ಠೆ ಹೆಚ್ಚಿದ್ದಷ್ಟೂ ವಾರಕ್ಕೆ ಹೆಚ್ಚು ಗಂಟೆ ಸಿಗುತ್ತದೆ. ಹುಡುಗರು ತಾವಾಗಿಯೇ ಒಲಿಯುತ್ತಾರೆ. ನೀವು ಮಾಡಿದ ತಪ್ಪು ಯಾವುದು ಎಂದು ನಿಮಗೇ ಗೊತ್ತಾಗುವುದಿಲ್ಲ. ತೀರಾ ಕೆಳಗಿನ ತಂಡವೂ ಬೇಡ, ಅಲ್ಲಿ ಸರಿಯಾದ ನಿರ್ಧಾರ ತೆಗೆದುಕೊಂಡರೂ ಫಲ ಕಾಣಲು ವರ್ಷಗಳು ಬೇಕು.

ನೋಡಬೇಕಾದದ್ದು ಭೂಗೋಳ. ವಾಸ್ತವದಲ್ಲಿ ಹೇಗೋ ಆಟದಲ್ಲೂ ಹಾಗೆಯೇ, ಟೆಕ್ಸಾಸ್, ಫ್ಲೋರಿಡಾ, ಜಾರ್ಜಿಯಾ, ಕ್ಯಾಲಿಫೋರ್ನಿಯಾಗಳಲ್ಲಿ ಪ್ರತಿಭೆ ದಟ್ಟವಾಗಿದೆ. ಆಟ ಇಡೀ ದೇಶವನ್ನು 50 ಪೈಪ್‌ಲೈನ್‌ಗಳಾಗಿ, ಅಂದರೆ ಪ್ರದೇಶಗಳಾಗಿ, ವಿಂಗಡಿಸಿದೆ. ಒಂದು ಪೈಪ್‌ಲೈನಿನಲ್ಲಿ ನಿಮ್ಮ ವಿಶ್ವವಿದ್ಯಾಲಯಕ್ಕೆ ಬಲವಿದ್ದರೆ, ಅಲ್ಲಿನ ಹುಡುಗನ ಮೇಲೆ ಖರ್ಚು ಮಾಡುವ ಪ್ರತಿ ಗಂಟೆಗೂ ಹೆಚ್ಚಿನ ಪ್ರಭಾವ ದಕ್ಕುತ್ತದೆ. ಮುಖ್ಯ ಕೋಚ್‌ಗೂ, ಆಕ್ರಮಣ ಮತ್ತು ರಕ್ಷಣೆಯನ್ನು ನೋಡಿಕೊಳ್ಳುವ ಇಬ್ಬರು ಸಮನ್ವಯಕಾರರಿಗೂ ತಮ್ಮದೇ ಪೈಪ್‌ಲೈನ್‌ಗಳಿರುತ್ತವೆ. ಸಮನ್ವಯಕಾರರನ್ನು ನೇಮಿಸಿಕೊಳ್ಳುವಾಗ ಬಹಳಷ್ಟು ಜನ ಅವರ ಆಟದ ಶೈಲಿಯನ್ನು ಮಾತ್ರ ನೋಡುತ್ತಾರೆ. ಅವರ ಪೈಪ್‌ಲೈನ್ ಯಾವುದೆಂದು ನೋಡಿ ನೇಮಿಸಿಕೊಂಡರೆ ಪ್ರತಿಫಲ ಪ್ರತಿ ವಾರವೂ ಸಿಗುತ್ತದೆ.

ಈ ಲೇಖನದ ಉದ್ದಕ್ಕೂ ಉದಾಹರಣೆಗೆ ಸ್ಯಾನ್ ಆಂಟೋನಿಯೊದ ಟೆಕ್ಸಾಸ್ ವಿಶ್ವವಿದ್ಯಾಲಯವನ್ನು, ಅಂದರೆ ಯುಟಿಎಸ್ಎಯನ್ನು, ಇಟ್ಟುಕೊಳ್ಳುತ್ತೇನೆ. 2011ರಲ್ಲಷ್ಟೇ ಫುಟ್‌ಬಾಲ್ ಆಡಲು ಶುರುಮಾಡಿದ, ಅಲಮೋಡೋಮ್‌ನಲ್ಲಿ ಆಡುವ, ಅಮೆರಿಕನ್ ಕಾನ್ಫರೆನ್ಸ್ ಎಂಬ ತಂಡಗಳ ಕೂಟಕ್ಕೆ ಸೇರಿದ ತಂಡ ಇದು. ಪರಂಪರೆ ಇಲ್ಲ, ಹೆಸರಿಲ್ಲ. ಆದರೆ ಬಾಗಿಲು ತೆರೆದರೆ ಟೆಕ್ಸಾಸ್.

ಹಂತ 2: ಬೋರ್ಡಿಗಿಂತ ಮೊದಲು ತಂಡದ ಲೆಕ್ಕ

ಆಟಗಾರರ ಪಟ್ಟಿಯನ್ನು ಮುಟ್ಟುವ ಮೊದಲು ನಿಮ್ಮದೇ ತಂಡವನ್ನು ತೆರೆದು ಕುಳಿತುಕೊಳ್ಳಿ. ತಂಡದ ಮಿತಿ 85 ಆಟಗಾರರು. ನಾನು ಅನುಸರಿಸುವ ಹಂಚಿಕೆ ಹೀಗಿದೆ: ಕ್ವಾರ್ಟರ್‌ಬ್ಯಾಕ್ 4, ಹಾಫ್‌ಬ್ಯಾಕ್ 5, ವೈಡ್ ರಿಸೀವರ್ 9, ಟೈಟ್ ಎಂಡ್ 5, ಆಕ್ರಮಣದ ಲೈನ್ 16, ರಕ್ಷಣೆಯ ಲೈನ್ 16, ಲೈನ್‌ಬ್ಯಾಕರ್ 10, ಕಾರ್ನರ್‌ಬ್ಯಾಕ್ 9, ಸೇಫ್ಟಿ 8, ಕಿಕ್ಕರ್ ಮತ್ತು ಪಂಟರ್ ತಲಾ ಒಬ್ಬ. ಒಟ್ಟು 84. ಉಳಿದ ಒಂದು ಜಾಗ ಕೊನೆಯ ಗಳಿಗೆಯ ಒಳ್ಳೆಯ ಹುಡುಗನಿಗೆ.

ಈಗ ಪ್ರತಿ ಸ್ಥಾನದಲ್ಲಿ ಈ ವರ್ಷ ಓದು ಮುಗಿಸಿ ಹೋಗುವ ಸೀನಿಯರ್‌ಗಳೆಷ್ಟು ಎಂದು ಎಣಿಸಿ. ಅದಕ್ಕೆ, ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ ಡ್ರಾಫ್ಟಿಗೆ ಬೇಗ ಹೊರಡಬಹುದಾದ ಮೇಲ್ದರ್ಜೆಯ ಜೂನಿಯರ್‌ಗಳನ್ನು (ಮೂರನೇ ವರ್ಷದವರನ್ನು) ಸೇರಿಸಿ. ಅದಕ್ಕೂ ಮೇಲೆ, ಆಡಲು ಅವಕಾಶ ಸಿಗದೆ ಮುನಿಸಿಕೊಂಡಿರುವವರನ್ನು ಸೇರಿಸಿ. ಅವರು ಋತುವಿನ ಕೊನೆಯಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ (ಬೇರೆ ಕಾಲೇಜಿಗೆ ಹೋಗಬಯಸುವವರ ಪಟ್ಟಿ) ಹಿಡಿಯುವುದೇ ಹೆಚ್ಚು. ಈ ಮೂರರ ಮೊತ್ತವೇ ನಿಮ್ಮ ನಿಜವಾದ ಅಗತ್ಯ. ಆಟ ತಾನೇ ತೋರಿಸುವ ಅಗತ್ಯದ ಪಟ್ಟಿ ಮೂರನೆಯದನ್ನು ಊಹಿಸಿಕೊಡುವುದಿಲ್ಲ.

ಒಂದು ವರ್ಷ ಮುಂದಕ್ಕೂ ನೋಡಿ. ಆಕ್ರಮಣದ ಲೈನಿನಲ್ಲಿ ಈ ವರ್ಷ ಇಬ್ಬರು ಹೋಗಿ, ಮುಂದಿನ ವರ್ಷ ಏಳು ಜನ ಹೋಗುವುದಿದ್ದರೆ, ಈ ವರ್ಷವೇ ನಾಲ್ವರನ್ನು ತಂದು ಇಬ್ಬರಿಗೆ ರೆಡ್‌ಶರ್ಟ್ ಹಾಕಿ, ಅಂದರೆ ಒಂದು ವರ್ಷ ಆಡಿಸದೆ ಬೆಳೆಯಲು ಬಿಡಿ. ಲೈನ್‌ಮನ್ ಬಲಿಯಲು ಎರಡು ಮೂರು ವರ್ಷ ಬೇಕು. ರಿಸೀವರ್ ಆದರೆ ವೇಗವೊಂದಿದ್ದರೆ ಬಂದ ವರ್ಷವೇ ಆಡುತ್ತಾನೆ. ಹೀಗಾಗಿ ಲೈನಿನ ಯೋಜನೆ ಯಾವಾಗಲೂ ಎರಡು ವರ್ಷ ಮುಂದಿರಬೇಕು.

ಹಂತ 3: ಬೋರ್ಡಿನ 35 ಹೆಸರು

ಬೋರ್ಡಿನಲ್ಲಿ 35 ಜನರಿಗೆ ಜಾಗ. ಪಟ್ಟಿಯನ್ನು ರ‍್ಯಾಂಕಿನ ಪ್ರಕಾರ ನೋಡಬೇಡಿ. ಮೊದಲು ಸ್ಥಾನ, ಆಮೇಲೆ ಪೈಪ್‌ಲೈನ್, ಆಮೇಲೆ ಆ ಹುಡುಗನಿಗೆ ನಿಮ್ಮ ಮೇಲೆ ಈಗಾಗಲೇ ಇರುವ ಆಸಕ್ತಿ, ಈ ಕ್ರಮದಲ್ಲಿ ಜಾಲಾಡಿ. ಶುರುವಿನಲ್ಲೇ ನಿಮ್ಮ ವಿಶ್ವವಿದ್ಯಾಲಯವನ್ನು ತನ್ನ ಪಟ್ಟಿಯಲ್ಲಿ ಇಟ್ಟುಕೊಂಡಿರುವ ಮೂರು ಸ್ಟಾರ್ ಹುಡುಗನಿಂದ ಆಗುವ ಕೆಲಸ, ನಿಮ್ಮ ಹೆಸರನ್ನೇ ಕೇಳಿರದ ನಾಲ್ಕು ಸ್ಟಾರ್ ಹುಡುಗನಿಂದ ಆಗುವುದಿಲ್ಲ.

ಯುಟಿಎಸ್ಎಗೆ ನಾನು ತುಂಬುವ ಬೋರ್ಡು: ನಾಲ್ಕು ಸ್ಟಾರಿನವರು ಐದಾರು ಜನ, ಎಲ್ಲರೂ ಟೆಕ್ಸಾಸಿನವರೇ, ಮೂರು ಸ್ಟಾರಿನವರು ಇಪ್ಪತ್ತರ ಆಸುಪಾಸು, ಉಳಿದ ಜಾಗ ಎರಡು ಸ್ಟಾರಿನ ಲೈನ್‌ಮನ್‌ಗಳಿಗೆ ಮತ್ತು ಒಬ್ಬ ಕಿಕ್ಕರ್‌ಗೆ. ಐದು ಸ್ಟಾರಿನವನು ಬೋರ್ಡಿನಲ್ಲಿ ಇರಬಾರದೆಂದಲ್ಲ. ಒಬ್ಬನಿರಲಿ. ಅವನ ಮನೆ ನಿಮ್ಮ ಕ್ರೀಡಾಂಗಣದ ಹತ್ತಿರವಿದ್ದು, ಅವನಿಗೆ ಮನೆಯ ಸಮೀಪವೇ ಮುಖ್ಯವಾಗಿದ್ದರೆ ಮಾತ್ರ.

ಸೇರಿಸುವ ಮುನ್ನ ಪ್ರತಿಯೊಬ್ಬನ ಡೀಲ್‌ಬ್ರೇಕರ್ ನೋಡುವುದನ್ನು ಮರೆಯಬೇಡಿ. ಪ್ರತಿ ಹುಡುಗನಿಗೂ ‘ಇದೊಂದು ಇಲ್ಲದಿದ್ದರೆ ಮಾತೇ ಬೇಡ’ ಎಂಬ ಒಂದು ಷರತ್ತು ಇರುತ್ತದೆ. ಆ ವಿಷಯದಲ್ಲಿ ಆಟ ನಿಮ್ಮ ವಿಶ್ವವಿದ್ಯಾಲಯಕ್ಕೆ ಕೊಟ್ಟ ದರ್ಜೆ ಅವನು ಕೇಳಿದ್ದಕ್ಕಿಂತ ಕೆಳಗಿದ್ದರೆ ಆ ಬಾಗಿಲು ಮುಚ್ಚಿದಂತೆಯೇ. ದರ್ಜೆ ಅಂಚಿನಲ್ಲಿದ್ದರೆ ಇನ್ನೂ ಅಪಾಯ: ಋತುವಿನ ನಡುವೆ ನಾಲ್ಕು ಪಂದ್ಯ ಸೋತು ದರ್ಜೆ ಜಾರಿದರೆ, ಅಲ್ಲಿಯವರೆಗೆ ಸುರಿದ ಗಂಟೆಗಳೆಲ್ಲ ವ್ಯರ್ಥ.

ಹಂತ 4: ಸ್ಕೌಟಿಂಗ್, ಅಂದರೆ ಬೇಡವಾದವರನ್ನು ಕಂಡುಹಿಡಿಯುವುದು

ಋತುಪೂರ್ವದ ಗಂಟೆಗಳನ್ನು ಸ್ಕೌಟಿಂಗಿಗೂ ಸ್ಕಾಲರ್‌ಶಿಪ್‌ಗಳಿಗೂ ಬಳಸಿ. ಒಂದು ಸ್ಕಾಲರ್‌ಶಿಪ್ ಪ್ರಸ್ತಾವಕ್ಕೆ 5 ಗಂಟೆ. ಅದಿಲ್ಲದೆ ಹುಡುಗ ನಿಮ್ಮ ಕಡೆ ಬರುವುದಿಲ್ಲವಾದ್ದರಿಂದ, ನಿಜವಾಗಿ ಬೇಕಾದವರಿಗೆ ಮೊದಲ ದಿನವೇ ಕೊಡಿ.

ಸ್ಕೌಟ್ ಮಾಡಿದಾಗ ಹುಡುಗನ ಸಾಮರ್ಥ್ಯದ ಅಂಕಗಳು ತೆರೆದುಕೊಳ್ಳುತ್ತಾ ಹೋಗುತ್ತವೆ. ಕೆಲವರ ಪಕ್ಕದಲ್ಲಿ ಹಸಿರು ರತ್ನದ ಗುರುತು ಬರುತ್ತದೆ: ಸ್ಟಾರುಗಳು ಹೇಳುವುದಕ್ಕಿಂತ ಇವನು ಮೇಲು. ಕೆಲವರ ಪಕ್ಕ ಕೆಂಪು ಗುರುತು: ಹೆಸರಿಗಿಂತ ಇವನು ಕಡಿಮೆ. ಆಟದ ಭಾಷೆಯಲ್ಲಿ ಮೊದಲನೆಯವನು ಜೆಮ್, ಎರಡನೆಯವನು ಬಸ್ಟ್. ಜೆಮ್ ಸಿಕ್ಕಾಗ ಎಲ್ಲರಿಗೂ ಖುಷಿ. ಬಸ್ಟ್ ಸಿಕ್ಕಾಗ ನನಗೆ ಇನ್ನೂ ಹೆಚ್ಚು ಖುಷಿ, ಏಕೆಂದರೆ ಮುಂದಿನ ಹತ್ತು ವಾರ ಅವನ ಮೇಲೆ ಸುರಿಯಬೇಕಿದ್ದ ಗಂಟೆಗಳು ಆ ಕ್ಷಣವೇ ಉಳಿದವು. ಕೆಂಪು ಗುರುತು ಕಂಡ ನಾಲ್ಕು ಸ್ಟಾರ್ ಹುಡುಗನನ್ನು ‘ಆದರೂ ನಾಲ್ಕು ಸ್ಟಾರ್ ಅಲ್ಲವೇ’ ಎಂದು ಬೋರ್ಡಿನಲ್ಲಿ ಉಳಿಸಿಕೊಳ್ಳುವ ಚಾಳಿ ಬಹಳ ಜನರಿಗಿದೆ. ಅಳಿಸಿ. ನಿಮ್ಮ ಲೀಗಿನ ಇನ್ನೊಬ್ಬ ಕೋಚ್ ಸ್ಕೌಟ್ ಮಾಡದೆಯೇ ಅವನ ಹಿಂದೆ ಬೀಳುತ್ತಾನೆ, ಬೀಳಲಿ.

ಅಂಕಗಳಲ್ಲಿ ಏನನ್ನು ನೋಡಬೇಕು? ತರಬೇತಿಯಿಂದ ಬೆಳೆಯುವ ಗುಣಗಳು ಬೇರೆ, ಹುಟ್ಟಿನಿಂದಲೇ ಬರುವ ಗುಣಗಳು ಬೇರೆ. ವೇಗ, ವೇಗವರ್ಧನೆ, ಕ್ವಾರ್ಟರ್‌ಬ್ಯಾಕಿನ ಎಸೆತದ ಬಲ, ಇವು ವರ್ಷದಿಂದ ವರ್ಷಕ್ಕೆ ಹೆಚ್ಚೇನೂ ಏರುವುದಿಲ್ಲ. ಅರಿವು, ಆಟವನ್ನು ಓದುವ ಶಕ್ತಿ, ಬ್ಲಾಕಿಂಗಿನ ತಂತ್ರ, ಓಟದ ದಾರಿಯ ನಿಖರತೆ, ಇವು ಏರುತ್ತವೆ. ಇದರಿಂದ ಸಿಗುವ ನಿಯಮ ಸರಳ: ಕಾರ್ನರ್‌ಬ್ಯಾಕ್, ರಿಸೀವರ್, ಹಾಫ್‌ಬ್ಯಾಕ್‌ಗಳಲ್ಲಿ ವೇಗಕ್ಕೆ ಮಣೆ ಹಾಕಿ, ಒಟ್ಟಂಕ ಕಡಿಮೆಯಿದ್ದರೂ ಚಿಂತೆಯಿಲ್ಲ. ಕ್ವಾರ್ಟರ್‌ಬ್ಯಾಕಿನಲ್ಲಿ ಎಸೆತದ ಬಲ ನೋಡಿ. ಲೈನ್‌ಮನ್‌ನಲ್ಲಿ ದೇಹಬಲ ನೋಡಿ. ಲೈನ್‌ಬ್ಯಾಕರ್‌ಗಳ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹಳಬ: ಬೆನ್ನಟ್ಟುವ ಮತ್ತು ಟ್ಯಾಕಲ್ ಮಾಡುವ ಅಂಕ ಚೆನ್ನಾಗಿಲ್ಲದಿದ್ದರೆ ಎಷ್ಟೇ ವೇಗವಿದ್ದರೂ ಕೈಬಿಡುತ್ತೇನೆ.

ಬೆಳವಣಿಗೆಯ ಸ್ವಭಾವ ಎಂಬ ಇನ್ನೊಂದು ಅಂಶವೂ ಇದೆ. ನಾರ್ಮಲ್, ಇಂಪ್ಯಾಕ್ಟ್, ಸ್ಟಾರ್, ಎಲೀಟ್ ಎಂದು ನಾಲ್ಕು ಮೆಟ್ಟಿಲು. ರಿಕ್ರೂಟಿಂಗ್ ನಡೆಯುವಾಗ ಇದು ಮುಚ್ಚಿಟ್ಟ ಪೆಟ್ಟಿಗೆ. ಅದಕ್ಕಾಗಿಯೇ ಒಂದೇ ಸ್ಥಾನಕ್ಕೆ ಒಬ್ಬನೇ ಹುಡುಗನನ್ನು ನಂಬಿ ಕೂರಬಾರದು.

ಹಂತ 5: ಗಂಟೆಗಳ ಹಂಚಿಕೆ

ಇದೇ ಇಡೀ ವಿಷಯದ ಹೊಟ್ಟೆ, ಇಲ್ಲಿ ನಿಧಾನವಾಗಿ ಓದಿ.

ಒಬ್ಬ ಹುಡುಗನ ಮೇಲೆ ವಾರಕ್ಕೆ ಸಾಮಾನ್ಯವಾಗಿ 50 ಗಂಟೆಯವರೆಗೆ ಹಾಕಬಹುದು. ಶುರುವಿನ ಹಂತದಲ್ಲಿ ಇರುವ ದಾರಿಗಳು ನಾಲ್ಕು: ಸಾಮಾಜಿಕ ಜಾಲತಾಣ ಜಾಲಾಡಲು 5 ಗಂಟೆ, ಹುಡುಗನಿಗೆ ನೇರ ಸಂದೇಶ ಕಳಿಸಲು 10, ಅವನ ಮನೆಯವರನ್ನೂ ಗೆಳೆಯರನ್ನೂ ಸಂಪರ್ಕಿಸಲು 25, ಎಲ್ಲ ಶಕ್ತಿಯನ್ನೂ ಒಮ್ಮೆಲೇ ಹೂಡುವ ‘ಸೆಂಡ್ ದ ಹೌಸ್’ಗೆ 50. ಹೆಚ್ಚು ಗಂಟೆ ಹಾಕಿದಷ್ಟೂ ಹೆಚ್ಚು ಪ್ರಭಾವ, ಜೊತೆಗೆ ಹುಡುಗನಿಗೆ ಮುಖ್ಯವಾದ ಮೂರು ವಿಷಯಗಳು ಯಾವುವೆಂಬುದೂ ಬೇಗ ಬಯಲಾಗುತ್ತದೆ.

ಲೆಕ್ಕ ಸುಲಭವಾಗಲೆಂದು ನಿಮಗೆ ವಾರಕ್ಕೆ 400 ಗಂಟೆ ಇದೆ ಎಂದುಕೊಳ್ಳೋಣ. ಬೋರ್ಡಿನ 35 ಜನರಿಗೂ ಸಮನಾಗಿ ಹಂಚಿದರೆ ತಲೆಗೆ ಹನ್ನೊಂದು ಗಂಟೆ ಚಿಲ್ಲರೆ, ಅಂದರೆ ಎಲ್ಲರಿಗೂ ಒಂದೊಂದು ಸಂದೇಶ. ಅಷ್ಟರಲ್ಲಿ ಯಾರೂ ಒಲಿಯುವುದಿಲ್ಲ, ಏಕೆಂದರೆ ಪ್ರತಿಯೊಬ್ಬನ ಮೇಲೂ ಯಾವುದೋ ಒಂದು ತಂಡ 50 ಗಂಟೆ ಸುರಿಯುತ್ತಿರುತ್ತದೆ. ಇನ್ನೊಂದು ತುದಿಯಲ್ಲಿ, ಎಂಟು ಜನರಿಗೆ ತಲಾ 50 ಹಾಕಿದರೆ 400 ಮುಗಿಯಿತು. ಎಂಟರಲ್ಲಿ ಮೂವರು ಕೈತಪ್ಪಿದರೆ ಹಿಂದೆ ಯಾರೂ ಇಲ್ಲ.

ನನ್ನ ಹಂಚಿಕೆ ಹೀಗೆ. ನಾಲ್ವರಿಗೆ 50, ಒಟ್ಟು 200. ಆರು ಜನರಿಗೆ 25, ಒಟ್ಟು 150. ಹತ್ತು ಜನರಿಗೆ 5, ಒಟ್ಟು 50. ಉಳಿದ ಹದಿನೈದು ಜನ ಬೋರ್ಡಿನಲ್ಲಿ ಸ್ಕಾಲರ್‌ಶಿಪ್ ಹಿಡಿದುಕೊಂಡು ಕಾಯುತ್ತಿರಲಿ. ಮೊದಲ ನಾಲ್ವರು ಯಾರು? ತಂಡಕ್ಕೆ ಬೇಕೇಬೇಕಾದ ಸ್ಥಾನದಲ್ಲಿ, ನಿಮ್ಮ ಪೈಪ್‌ಲೈನಿನಲ್ಲಿ, ಈಗಾಗಲೇ ನೀವು ಅವರ ಪಟ್ಟಿಯ ಮೇಲ್ಭಾಗದಲ್ಲಿರುವವರು. ಅತ್ಯುತ್ತಮರು ಎಂಬ ಕಾರಣಕ್ಕೆ ಅಲ್ಲ, ಬೇಗ ಮುಗಿಯುವವರು ಎಂಬ ಕಾರಣಕ್ಕೆ. ಒಬ್ಬ ಹುಡುಗ ನಾಲ್ಕನೇ ವಾರದಲ್ಲಿ ಒಪ್ಪಿಕೊಂಡರೆ, ಐದನೇ ವಾರದಿಂದ ಅವನ 50 ಗಂಟೆ ನಿಮಗೆ ವಾಪಸು. ಆ 50ನ್ನು ತೆಗೆದುಕೊಂಡು ಹೋಗಿ 25ರವರಲ್ಲಿ ಒಬ್ಬನ ಮೇಲೆ ಹಾಕಿ. ಹೀಗೆ ಸರಪಳಿ ಮುಂದುವರಿಯುತ್ತದೆ. ಬೇಗ ಒಲಿಯುವವರನ್ನು ಮೊದಲು ಮುಗಿಸಿದವನಿಗೆ ಋತುವಿನ ಕೊನೆಯ ವಾರಗಳಲ್ಲಿ ಉಳಿದ ಕಷ್ಟದ ಹುಡುಗರ ಮೇಲೆ ಸುರಿಯಲು ಬೇಕಾದಷ್ಟು ಗಂಟೆ ಇರುತ್ತದೆ.

ಪ್ರತಿ ವಾರ ಮುಂದಕ್ಕೆ ಹೋಗುವ ಮೊದಲು ಪ್ರತಿ ಹುಡುಗನ ಪಟ್ಟಿಯಲ್ಲಿ ನಿಮಗೂ ಮೊದಲ ಸ್ಥಾನದಲ್ಲಿರುವವರಿಗೂ ಇರುವ ಅಂತರ ನೋಡಿ. ಎರಡು ವಾರ ಪೂರ್ತಿ 50 ಗಂಟೆ ಹಾಕಿದ ಮೇಲೂ ಅಂತರ ಕಡಿಮೆಯಾಗದೆ ಹೆಚ್ಚಾಗಿದ್ದರೆ ಆ ಹುಡುಗನನ್ನು ಬಿಡಿ. ಮೂರನೇ ವಾರದ ಆಸೆ ಬೇಡ. ಅಂತರ ಹಾಗೆಯೇ ನಿಂತಿದ್ದರೆ ಒಂದು ಕಾರಣ ಹುಡುಕಿ: ಮುಂದಿನ ಹಂತದ ಮಾತು ತೆರೆದಾಗ ನಿಮಗೆ ಮೇಲುಗೈ ಸಿಗುವ ಸಾಧ್ಯತೆ ಇದೆಯೇ? ಇದ್ದರೆ ಇರಿ, ಇಲ್ಲದಿದ್ದರೆ ಹೊರಡಿ.

ಹಂತ 6: ಅವನಿಗೆ ಬೇಕಾದದ್ದನ್ನು ಹೇಳುವುದು

ಆಟ ಪ್ರತಿ ವಿಶ್ವವಿದ್ಯಾಲಯಕ್ಕೂ 14 ವಿಷಯಗಳಲ್ಲಿ ದರ್ಜೆ ಕೊಡುತ್ತದೆ: ಆಡುವ ಅವಕಾಶ, ಆಟದ ಶೈಲಿ, ಪ್ರಶಸ್ತಿಯ ಸಾಧ್ಯತೆ, ಪರಂಪರೆ, ಕ್ಯಾಂಪಸ್ ಬದುಕು, ಕ್ರೀಡಾಂಗಣದ ಅಬ್ಬರ, ಎನ್‌ಎಫ್‌ಎಲ್‌ಗೆ ಹೋಗುವ ಸಂಭವ, ಪ್ರಚಾರ, ವಿದ್ಯಾಭ್ಯಾಸದ ಪ್ರತಿಷ್ಠೆ, ಕಾನ್ಫರೆನ್ಸಿನ ಪ್ರತಿಷ್ಠೆ, ಕೋಚ್‌ನ ಸ್ಥಿರತೆ, ಕೋಚ್‌ನ ಪ್ರತಿಷ್ಠೆ, ಸೌಲಭ್ಯಗಳು, ಮನೆಗೆ ಸಮೀಪ. ಇವುಗಳಲ್ಲಿ ಪ್ರತಿ ಹುಡುಗನಿಗೂ ಮೂರು ಮುಖ್ಯ.

ಸಣ್ಣ ತಂಡದ ಕೋಚ್ ಈ ಪಟ್ಟಿಯಲ್ಲಿ ಎರಡರ ಕೆಳಗೆ ಗೆರೆ ಎಳೆದುಕೊಳ್ಳಬೇಕು: ಆಡುವ ಅವಕಾಶ ಮತ್ತು ಮನೆಗೆ ಸಮೀಪ. ಉಳಿದವು ಬಹುಮಟ್ಟಿಗೆ ವಿಶ್ವವಿದ್ಯಾಲಯದ ಹಣೆಬರಹ. ಈ ಎರಡು ಹುಡುಗನಿಂದ ಹುಡುಗನಿಗೆ ಬದಲಾಗುತ್ತವೆ. ಆಸ್ಟಿನ್‌ನ ಟೆಕ್ಸಾಸ್ ತಂಡದಲ್ಲಿ ಕಾರ್ನರ್‌ಬ್ಯಾಕ್‌ಗಳ ಸಾಲೇ ನಿಂತಿದ್ದರೆ ಅವರ ಆಡುವ ಅವಕಾಶದ ದರ್ಜೆ ಕೆಳಗಿಳಿಯುತ್ತದೆ. ಅದೇ ಸ್ಥಾನ ನಿಮ್ಮಲ್ಲಿ ಖಾಲಿ ಇದ್ದರೆ ನಿಮ್ಮದು ಏರುತ್ತದೆ. ಪರಂಪರೆಯಲ್ಲಿ ಸೋಲುವ ಯುಟಿಎಸ್ಎ ಇಲ್ಲಿ ಗೆಲ್ಲಬಲ್ಲದು.

ಹುಡುಗ ತನ್ನ ಪಟ್ಟಿಯನ್ನು ಕಿರಿದುಗೊಳಿಸಿದಂತೆ ಹೊಸ ದಾರಿಗಳು ತೆರೆಯುತ್ತವೆ. 20 ಗಂಟೆಯ ಸಾಫ್ಟ್ ಸೆಲ್, 40 ಗಂಟೆಯ ಹಾರ್ಡ್ ಸೆಲ್, 30 ಗಂಟೆಯ ಸ್ವೇ. ಮೊದಲೆರಡರಲ್ಲಿ ನೀವು ಮೂರು ವಿಷಯಗಳ ಒಂದು ಕಟ್ಟನ್ನು ಆರಿಸಿ ಹುಡುಗನ ಮುಂದಿಡುತ್ತೀರಿ. ಕಟ್ಟಿನಲ್ಲಿರುವ ಮೂರೂ ಅವನಿಗೆ ಮುಖ್ಯವಾಗಿದ್ದು, ಮೂರರಲ್ಲೂ ನಿಮ್ಮ ದರ್ಜೆ ಚೆನ್ನಾಗಿದ್ದರೆ ಹಾರ್ಡ್ ಸೆಲ್. ಎರಡೇ ಹೊಂದಿದರೆ ಸಾಫ್ಟ್ ಸೆಲ್. ಒಂದೇ ಹೊಂದಿದರೆ ಈ ದಾರಿಯೇ ಬೇಡ, ಹಳೆಯ ಸೆಂಡ್ ದ ಹೌಸ್ ಮುಂದುವರಿಸಿ.

ಒಬ್ಬನನ್ನು ಹತ್ತಿರದಿಂದ ನೋಡೋಣ. ಸ್ಯಾನ್ ಆಂಟೋನಿಯೊ ಪಕ್ಕದವನೇ ಆದ ಮೂರು ಸ್ಟಾರಿನ ಗಾರ್ಡ್ (ಆಕ್ರಮಣದ ಲೈನಿನ ಆಟಗಾರ), ಸ್ಕೌಟಿಂಗಿನಲ್ಲಿ ಜೆಮ್ ಎಂದು ತಿಳಿದಿದೆ. ಮೊದಲ ವಾರ ಅವನ ಮನೆಯವರ ಸಂಪರ್ಕಕ್ಕೆ 25 ಗಂಟೆ. ಮನೆಗೆ ಸಮೀಪ ಮುಖ್ಯ ಎಂದು ಬಯಲಾಗುತ್ತದೆ. ನಿಮ್ಮ ದರ್ಜೆ ಅಲ್ಲಿ ಎ ಪ್ಲಸ್. ತಕ್ಷಣ 50ಕ್ಕೆ ಏರಿಸಿ. ಎರಡು ವಾರದ ನಂತರ ಆಡುವ ಅವಕಾಶವೂ ಮುಖ್ಯ ಎಂದು ಗೊತ್ತಾಗುತ್ತದೆ, ಅಲ್ಲಿ ಎ ಮೈನಸ್. ಮೂರನೆಯದು ಪರಂಪರೆ, ಅಲ್ಲಿ ನಿಮ್ಮದು ಡಿ. ಈಗ ಮೂರನ್ನೂ ಒಳಗೊಂಡ ಕಟ್ಟನ್ನು ಹಾರ್ಡ್ ಸೆಲ್ ಮಾಡಿದರೆ ನಿಮ್ಮ ಹುಳುಕನ್ನು ನೀವೇ ಎತ್ತಿ ತೋರಿಸಿದಂತೆ. ಬದಲಿಗೆ, ಮೊದಲೆರಡು ವಿಷಯಗಳಿದ್ದು ಮೂರನೆಯದಾಗಿ ನಿಮಗೆ ಒಳ್ಳೆಯ ದರ್ಜೆಯಿರುವ ವಿಷಯ ಇರುವ ಕಟ್ಟನ್ನು ಸಾಫ್ಟ್ ಸೆಲ್ ಮಾಡಿ, 20 ಗಂಟೆ. ಉಳಿದ 30ರಲ್ಲಿ 25ನ್ನು ಮನೆಯವರ ಸಂಪರ್ಕಕ್ಕೆ, 5ನ್ನು ಜಾಲತಾಣಕ್ಕೆ ಹಾಕಿ. 50 ಸರಿಹೋಯಿತು. ಮೂರೂ ಹೊಂದಿದ್ದ ಪಕ್ಷದಲ್ಲಿ ಹಾರ್ಡ್ ಸೆಲ್‌ನ 40ಕ್ಕೆ ನೇರ ಸಂದೇಶದ 10 ಸೇರಿಸಿದರೆ ಅದೂ 50.

ಸ್ವೇ ಎಂದರೆ ಹುಡುಗನ ಮನಸ್ಸನ್ನೇ ಬೇರೆ ವಿಷಯದ ಕಡೆ ತಿರುಗಿಸುವ ಯತ್ನ. ನೀವು ಈಗಾಗಲೇ ಮುಂದಿದ್ದು, ಕೈಯಲ್ಲಿ ಸಮಯವಿದ್ದರೆ ಮಾತ್ರ ಅದಕ್ಕೆ ಕೈಹಾಕಿ. ಹಿಂದೆ ಬಿದ್ದವನು ಸ್ವೇ ಮಾಡಲು ಹೊರಟರೆ ಅವನ ಮನಸ್ಸು ತಿರುಗುವ ಹೊತ್ತಿಗೆ ಇನ್ನೊಬ್ಬನ ಕೈಗೆ ಮಾತು ಕೊಟ್ಟಾಗಿರುತ್ತದೆ.

ಹಂತ 7: ಭೇಟಿಯ ವಾರಗಳು

ಹುಡುಗನ ಪಟ್ಟಿ ಐದಕ್ಕಿಳಿದು ಅದರಲ್ಲಿ ನೀವಿದ್ದರೆ ಅವನನ್ನು ಕ್ಯಾಂಪಸ್ಸಿಗೆ ಕರೆಸಬಹುದು. ಋತುವಿನ ವೇಳಾಪಟ್ಟಿಯನ್ನು ಮೊದಲೇ ನೋಡಿ, ತವರಿನಲ್ಲಿ ನಡೆಯುವ ಪಂದ್ಯಗಳಲ್ಲಿ ಯಾವುದು ದೊಡ್ಡದು ಎಂದು ಗುರುತು ಹಾಕಿಕೊಳ್ಳಿ. ಆ ವಾರ ನೀವು ಗೆದ್ದರೆ ಭೇಟಿಯ ಫಲ ಹೆಚ್ಚುತ್ತದೆ, ಸೋತರೆ ಇಳಿಯುತ್ತದೆ. ಹಾಗಾಗಿ ದೊಡ್ಡ ಎದುರಾಳಿ ಎಂಬ ಒಂದೇ ಕಾರಣಕ್ಕೆ ಸೋಲು ಖಚಿತವಾಗಿರುವ ಪಂದ್ಯಕ್ಕೆ ಹುಡುಗರನ್ನು ಕರೆಸಿ ಕೂರಿಸಬೇಡಿ. ಅತಿಥಿಗಳ ಮುಂದೆ ನಲವತ್ತು ಅಂಕಗಳಿಂದ ಸೋಲುವುದಕ್ಕಿಂತ ಸಾಧಾರಣ ಎದುರಾಳಿಯ ವಿರುದ್ಧ ಗೆಲ್ಲುವುದು ಮೇಲು.

ಒಂದು ಪಂದ್ಯಕ್ಕೆ ನಾಲ್ವರನ್ನು ಕರೆಸಬಹುದು. ಒಂದೇ ಸ್ಥಾನದ ಇಬ್ಬರನ್ನು ಒಂದೇ ದಿನ ಕರೆಸಿದರೆ ಇಬ್ಬರೂ ಮುಖ ಸಿಂಡರಿಸುತ್ತಾರೆ, ಪ್ರಭಾವ ಇಳಿಯುತ್ತದೆ. ಪರಸ್ಪರ ಪೂರಕ ಸ್ಥಾನದವರನ್ನು ಕರೆಸಿದರೆ ಏರುತ್ತದೆ: ಕ್ವಾರ್ಟರ್‌ಬ್ಯಾಕಿನ ಜೊತೆ ರಿಸೀವರ್. ಭೇಟಿಯ ಚಟುವಟಿಕೆ ಆರಿಸುವಾಗಲೂ ಹುಡುಗನಿಗೆ ಮುಖ್ಯವಾದ ಮೂರರಲ್ಲಿ ನಿಮ್ಮ ದರ್ಜೆ ಹೆಚ್ಚಿರುವುದನ್ನೇ ಆರಿಸಿ. ಭೇಟಿಗೆ ಗಂಟೆಗಳು ಬಹಳ ತಗಲುತ್ತವೆ. ಆದ್ದರಿಂದ ನಾಲ್ವರನ್ನೂ ಒಂದೇ ವಾರ ಕರೆಸುವ ಯೋಚನೆಯಿದ್ದರೆ ಆ ವಾರ ಬೇರೆಯವರಿಗೆ ಕಡಿತ ಮಾಡಬೇಕಾದೀತು ಎಂಬುದನ್ನು ಹಿಂದಿನ ವಾರವೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಂತ 8: ಮನುಷ್ಯರ ಜೊತೆ ಪೈಪೋಟಿ

ಕಂಪ್ಯೂಟರ್ ಕೋಚ್‌ಗೆ ಹಟವಿಲ್ಲ. ಮನುಷ್ಯನಿಗೆ ಇದೆ. ಆನ್‌ಲೈನ್ ಲೀಗಿನ ನಿಜವಾದ ಮಜವೂ ತಲೆನೋವೂ ಇದೇ.

ನಿಮ್ಮ ಲೀಗಿನಲ್ಲಿ ಒಬ್ಬ ಟೆಕ್ಸಾಸನ್ನೂ ಇನ್ನೊಬ್ಬ ಟೆಕ್ಸಾಸ್ ಎ ಅಂಡ್ ಎಂ ತಂಡವನ್ನೂ ಆರಿಸಿಕೊಂಡಿದ್ದಾನೆ ಎಂದುಕೊಳ್ಳಿ. ಇಬ್ಬರೂ ಎಸ್‌ಇಸಿ ಕಾನ್ಫರೆನ್ಸಿನವರು, ಇಬ್ಬರ ಕಣ್ಣೂ ರಾಜ್ಯದ ಅದೇ ಹತ್ತು ಹುಡುಗರ ಮೇಲೆ. ಅವರಿಬ್ಬರೂ ಒಬ್ಬರ ಮೇಲೊಬ್ಬರು 50 ಗಂಟೆ ಸುರಿದುಕೊಳ್ಳುತ್ತಿರುವಾಗ ನೀವು ಆ ಜಾತ್ರೆಗೆ ಹೋಗಬೇಡಿ. ಅವರಿಬ್ಬರೂ ನೋಡದ ಸ್ಥಾನಗಳನ್ನು ಹುಡುಕಿ. ನನ್ನ ಅನುಭವದಲ್ಲಿ ಮನುಷ್ಯ ಕೋಚ್‌ಗಳಿಗೆ ಕ್ವಾರ್ಟರ್‌ಬ್ಯಾಕ್, ರಿಸೀವರ್, ಎಡ್ಜ್ ರಶರ್‌ಗಳ ಹುಚ್ಚು. ಗಾರ್ಡ್, ಸೆಂಟರ್, ಸೇಫ್ಟಿಗಳ ಬಗ್ಗೆ ಉದಾಸೀನ. ಮೊದಲ ಎರಡು ವರ್ಷ ಆ ಉದಾಸೀನದ ಮೇಲೆಯೇ ತಂಡ ಕಟ್ಟಬಹುದು.

ಲೀಗಿನ ಗೆಳೆಯರ ಗುಂಪಿನಲ್ಲಿ ಯಾರ ಹಿಂದೆ ಬಿದ್ದಿದ್ದೀರಿ ಎಂದು ಬಾಯಿಬಿಡಬೇಡಿ. ಜೆಮ್ ಸಿಕ್ಕಿದ ಖುಷಿಗೆ ಚಿತ್ರ ತೆಗೆದು ಹಂಚುವವರಿದ್ದಾರೆ. ಮರುದಿನವೇ ಆ ಹುಡುಗನ ಪಟ್ಟಿಯಲ್ಲಿ ಇನ್ನೊಂದು ಹೆಸರು ಮೇಲಕ್ಕೆ ಬರುತ್ತದೆ. ಹಾಗೆಯೇ, ಲೀಗ್ ನಡೆಸುವ ಕಮಿಷನರ್ ಆಟವನ್ನು ಯಾವಾಗ ಮುಂದಿನ ವಾರಕ್ಕೆ ಒಯ್ಯುತ್ತಾನೆ ಎಂಬ ವೇಳೆ ತಿಳಿದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಕುಳಿತು ಡಲಾಸಿನ ಗೆಳೆಯರ ಲೀಗಿನಲ್ಲಿ ಆಡುವವರಿಗೆ ಇದು ಸಣ್ಣ ಮಾತಲ್ಲ. ಅಲ್ಲಿ ರಾತ್ರಿ ಹತ್ತಕ್ಕೆ ವಾರ ಬದಲಾದರೆ ಇಲ್ಲಿ ಬೆಳಗಾಗಿರುತ್ತದೆ. ಗಂಟೆ ಹಂಚದೆ ಬಿಟ್ಟ ವಾರ ಹೋದಂತೆಯೇ.

ಹಂತ 9: ಋತು ಮುಗಿದ ಮೇಲೆ

ಕೊನೆಯ ಪಂದ್ಯದ ನಂತರ ಮೊದಲು ಹೊರಡುವವರ ಪಟ್ಟಿ ಬರುತ್ತದೆ. ಕೆಲವರನ್ನು ಉಳಿಯುವಂತೆ ಒಪ್ಪಿಸಲು ಅವಕಾಶವಿದೆ, ಆದರೆ ಅದಕ್ಕೆ ಮಿತಿಯಿದೆ. ಆ ಮಿತಿಯನ್ನು ಬದಲಿ ಇಲ್ಲದ ಸ್ಥಾನದವರ ಮೇಲೆ ಬಳಸಿ, ಜನಪ್ರಿಯರ ಮೇಲಲ್ಲ.

ಆಮೇಲೆ ನಾಲ್ಕು ವಾರಗಳ ಟ್ರಾನ್ಸ್‌ಫರ್ ಪೋರ್ಟಲ್. ವಾಸ್ತವದಲ್ಲಿ ಪೋರ್ಟಲ್ ಶುರುವಾದದ್ದು 2018ರ ಅಕ್ಟೋಬರಿನಲ್ಲಿ. ಕಾಲೇಜು ಫುಟ್‌ಬಾಲಿನ ಚಹರೆಯನ್ನೇ ಅದು ಬದಲಾಯಿಸಿತು. ಆಟದಲ್ಲೂ ಇದರ ತೂಕ ಅಷ್ಟೇ. ಪೋರ್ಟಲ್‌ನಲ್ಲಿ ಸಮಯ ಕಡಿಮೆ, ಆದ್ದರಿಂದ ಇಲ್ಲಿ 25 ಗಂಟೆಯ ಮಧ್ಯಮ ಮಾರ್ಗ ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಇನ್ನೂ ತೂತಾಗಿರುವ ಮೂರು ನಾಲ್ಕು ಸ್ಥಾನಗಳಿಗೆ ತಲಾ ಇಬ್ಬರನ್ನು ಗುರುತಿಸಿ, ಮೊದಲ ವಾರವೇ ಪೂರ್ತಿ ಗಂಟೆ ಹಾಕಿ. ಎರಡನೇ ವಾರದ ಕೊನೆಗೆ ಪ್ರತಿ ಸ್ಥಾನದಲ್ಲೂ ಹಿಂದುಳಿದವನನ್ನು ತೆಗೆದುಹಾಕಿ. ಇಲ್ಲಿ ನಾನು ಹುಡುಕುವುದು ಎರಡು ವರ್ಷವಾದರೂ ಉಳಿದಿರುವವರನ್ನು. ಒಂದೇ ವರ್ಷಕ್ಕೆ ಬರುವ ಸೀನಿಯರ್ ಮುಂದಿನ ವರ್ಷ ಅದೇ ತೂತನ್ನು ಮತ್ತೆ ಬಿಟ್ಟು ಹೋಗುತ್ತಾನೆ. ಪ್ರಶಸ್ತಿಯ ಅಂಚಿನಲ್ಲಿರುವ ತಂಡಕ್ಕೆ ಮಾತ್ರ ಅದು ಸರಿ.

ಹೈಸ್ಕೂಲ್ ಹುಡುಗರಲ್ಲಿ ಇನ್ನೂ ನಿರ್ಧರಿಸದವರು ಈ ವಾರಗಳಲ್ಲೂ ಸಿಗುತ್ತಾರೆ. ದೊಡ್ಡ ತಂಡಗಳ ಗಮನ ಪೋರ್ಟಲ್ ಕಡೆ ತಿರುಗಿರುವ ಈ ಹೊತ್ತಿನಲ್ಲಿ ಬೋರ್ಡಿನ ಕೆಳಗೆ ಸ್ಕಾಲರ್‌ಶಿಪ್ ಹಿಡಿದು ಕಾಯುತ್ತಿದ್ದ ಹದಿನೈದು ಜನರನ್ನು ಮತ್ತೊಮ್ಮೆ ತೆರೆದು ನೋಡಿ. ಅದರಲ್ಲಿ ಇಬ್ಬರು ಮೂವರ ಪಟ್ಟಿಯಲ್ಲಿ ನಿಮ್ಮ ಹೆಸರು ತಾನಾಗಿಯೇ ಮೇಲೆ ಬಂದಿರುವುದುಂಟು.

ಸಹಿ ದಿನ (ಹುಡುಗರು ಅಧಿಕೃತವಾಗಿ ಸೇರುವ ದಿನ) ಮುಗಿದ ಮೇಲೆ ತಂಡ 85ಕ್ಕಿಂತ ಹೆಚ್ಚಿದ್ದರೆ ಹೆಚ್ಚಾದವರನ್ನು ಕಳಿಸಬೇಕು. ಕತ್ತರಿ ಹಿಡಿಯುವ ಮುನ್ನ ಸ್ಥಾನ ಬದಲಾವಣೆಯ ಪುಟ ನೋಡಿ. ಜಾಗ ಸಿಗದ ಸೇಫ್ಟಿ ಒಳ್ಳೆಯ ಲೈನ್‌ಬ್ಯಾಕರ್ ಆಗಬಹುದು. ಆಕ್ರಮಣದ ಲೈನಿನ ಟ್ಯಾಕಲ್ ಸ್ಥಾನದವರು ಹೆಚ್ಚಿದ್ದರೆ ಒಬ್ಬನನ್ನು ಗಾರ್ಡ್ ಮಾಡಿ. ಅದಾದ ಮೇಲೂ ಸಂಖ್ಯೆ ಹೆಚ್ಚಿದ್ದರೆ, ಮೂರನೇ ವರ್ಷಕ್ಕೆ ಬಂದರೂ ಅಂಕ ಏರದ, ಬೆಳವಣಿಗೆಯ ಸ್ವಭಾವ ನಾರ್ಮಲ್ ಆಗಿರುವವನನ್ನು ಮೊದಲು ಬಿಡಿ. ಹೊಸದಾಗಿ ಬಂದವರಲ್ಲಿ ಸ್ಟಾರ್ ಅಥವಾ ಎಲೀಟ್ ಸ್ವಭಾವದವರಿದ್ದರೆ, ಈಗಿನ ಒಟ್ಟಂಕ ಎಷ್ಟೇ ಕಡಿಮೆಯಿರಲಿ, ಅವರನ್ನು ಮುಟ್ಟಬೇಡಿ.